ಓದಿ ಸಹಿ ಹಾಕುವ ಶಾಖೆ

ಬ್ಯಾಂಕಿನ ಪ್ರಧಾನ ಕಚೇರಿ ಎಲ್ಲ ಶಾಖೆಗಳಿಗೂ ಪಾಸ್‌ವರ್ಡ್ ಕೇಳುವ ನಕಲಿ ಮೇಲ್ ಕಳಿಸಿ ಸಿಬ್ಬಂದಿಯನ್ನು ಪರೀಕ್ಷಿಸಿತ್ತು. ಉಳಿದ ಶಾಖೆಗಳಲ್ಲಿ ಅರ್ಧಕ್ಕರ್ಧ ಜನ ಅದರ ಲಿಂಕ್ ಒತ್ತಿ ಸಿಕ್ಕಿಬಿದ್ದರು. ಈ ಶಾಖೆಯಲ್ಲಿ ಮಾತ್ರ ಒಬ್ಬರೂ ಒತ್ತಿರಲಿಲ್ಲ. ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾಗಿದ್ದರು.

ಮೆಚ್ಚುಗೆ ಪತ್ರ ಕೊಡಲು ಸೈಬರ್ ಭದ್ರತಾ ಅಧಿಕಾರಿಯೇ ಬಂದರು. ಫೋನಿನಲ್ಲಿ ಯಾರನ್ನೋ ಗದರುತ್ತಲೇ, ಬಾಗಿಲಲ್ಲಿ ಅಟೆಂಡರಮ್ಮ ಚಾಚಿದ ರಿಜಿಸ್ಟರ್ ತುಂಬಿ ಒಳನುಗ್ಗಿದರು.

"ಹೇಗ್ರೀ ಸಾಧಿಸಿದ್ರಿ?"

"ಕಂಪ್ಯೂಟರನ್ನ ನಾನು ನಂಬೋದೇ ಇಲ್ಲ ಸಾರ್. ಹೆಡ್ಡಾಫೀಸಿಂದ ಏನೇ ಬಂದ್ರೂ ಪ್ರಿಂಟ್ ತೆಗೆದು ರಿಜಿಸ್ಟರಿಗೆ ಅಂಟಿಸ್ತೀನಿ. ಎಲ್ಲರೂ ಓದಿ, ಕೇಳಿದ್ದನ್ನ ಕೈಯಲ್ಲೇ ಬರೆದು ಸಹಿ ಹಾಕ್ತಾರೆ."

ಅಧಿಕಾರಿಯ ನಗು ಅಲ್ಲೇ ಒಣಗಿತು. "ಕೇಳಿದ್ದನ್ನ ಅಂದ್ರೆ?"

ಮ್ಯಾನೇಜರ್ ಬಾಗಿಲ ಬಳಿಯಿಂದ ರಿಜಿಸ್ಟರ್ ತರಿಸಿ ಹೆಮ್ಮೆಯಿಂದ ಬಿಡಿಸಿದರು. ತಾರೀಕು, ಹೆಸರು, ಪಾಸ್‌ವರ್ಡ್, ಸಹಿ ಎಂದು ಸ್ಕೇಲಿಟ್ಟು ಗೆರೆ ಎಳೆದ ಪುಟ. ಕ್ಯಾಷಿಯರಂತೂ ಓದುವವರಿಗೆ ಕಷ್ಟವಾಗದಿರಲೆಂದು ದುಂಡಗೆ ಬರೆದಿದ್ದರು.

"ಇದು ಬಾಗಿಲಲ್ಲೇ ಇರುತ್ತಾ?"

"ಹೌದು ಸಾರ್. ಇದನ್ನ ತುಂಬದೆ ಅಟೆಂಡರಮ್ಮ ಯಾರನ್ನೂ ಒಳಗೆ ಬಿಡಲ್ಲ."

"ನಿಮ್ಮ ತಲೇಲಿ ಏನ್ರೀ ಇದೆ?" ಅಧಿಕಾರಿ ಹರಿಹಾಯ್ದರು. "ಬುದ್ಧಿ ಇರೋನು ಯಾವನಾದ್ರೂ ಇಂಥ ಕಡೆ ಪಾಸ್‌ವರ್ಡ್ ಬರೀತಾನೇನ್ರೀ?"

ಮ್ಯಾನೇಜರ್ ತಲೆ ತಗ್ಗಿಸಿದರು. ತಗ್ಗಿಸಿದ್ದರಿಂದಲೇ ಪುಟದ ಕೊನೆಯ ಸಾಲು ಕಣ್ಣಿಗೆ ಬಿತ್ತು. ಇವತ್ತಿನ ತಾರೀಕು, ಇನ್ನೂ ಆರದ ಶಾಯಿ, ಅಧಿಕಾರಿ ತಂದ ಮೆಚ್ಚುಗೆ ಪತ್ರದ ಮೇಲಿದ್ದ ಅದೇ ಸಹಿ.

"ಸಾರ್," ಎಂದರು ಮೆಲ್ಲಗೆ, "ತಮ್ಮದನ್ನೇ ಮೊದಲು ಹೊಡೆದು ಹಾಕ್ಲಾ?"