ಬಾಗಿದ ಬೆನ್ನಿನ ಗೊಂಬೆ

ನದಿಗೂ ಊರಿಗೂ ನಡುವೆ ಗೋಡೆ ಏಳುವ ಮೊದಲು, ಬಹಳ ಹಿಂದೆ, ನದಿಗೆ ಕಿವಿಯಿತ್ತಂತೆ. ನೀರಲ್ಲಿ ಕಾಲಿಟ್ಟು ಕೂತವರ ಮಾತು ಮಾತ್ರ ಅದಕ್ಕೆ ಕೇಳಿಸುತ್ತಿತ್ತಂತೆ. ದಡದಲ್ಲಿ ನಿಂತು ಎಷ್ಟು ಕೂಗಿದರೂ ತಿರುಗಿ ಸಹ ನೋಡುತ್ತಿರಲಿಲ್ಲವಂತೆ.

ಅಜ್ಜಿಯ ಬಾಯಿಂದ ಈ ಕಥೆ ಕೇಳುತ್ತಲೇ ನಾನು ಉಣ್ಣಲು ಕಲಿತದ್ದು. "ನೀನ್ಯಾಕೆ ಹೋಗಿ ಮಾತಾಡಲ್ಲ ಅಜ್ಜಿ?" ಎಂದು ಒಮ್ಮೆ ಕೇಳಿದ್ದೆ.

"ಗೋಡೆ ಹಾರೋಕೆ ನಾನೇನು ಕೋತಿನಾ?"

"ದೊಡ್ಡೋಳಾದ ಮೇಲೆ ನಿನ್ನ ಕಾಲು ನಾನು ನೀರಿಗೆ ಮುಟ್ಟಿಸ್ತೀನಿ" ಎಂದು ಬಾಯ್ತುಂಬ ಮಾತು ಕೊಟ್ಟೆ.

ದೊಡ್ಡವಳಾದೆ. ಕಟ್ಟಡಗಳ ಪುಟ್ಟ ಮಾದರಿ ಮಾಡುವ ಕೆಲಸಕ್ಕೆ ಸೇರಿದೆ. ನದಿ ದಂಡೆಗೆ ಹೊಸ ಪಾರ್ಕು ಬರುತ್ತದೆ, ಜನರನ್ನು ಕೇಳಿಯೇ ಕಟ್ಟುತ್ತಾರೆ, ಸಭೆಗೊಂದು ಮಾದರಿ ಬೇಕು ಎಂದಾಗ ರಟ್ಟು, ಅಂಟು ಹರಡಿಕೊಂಡು ಮನೆಯ ಊಟದ ಮೇಜನ್ನೇ ಆಕ್ರಮಿಸಿದೆ. ಅಜ್ಜಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಸ್ಪಂಜಿನ ಮರಗಳು, ನೀಲಿ ಬಳಿದ ನದಿ, ಅದರುದ್ದಕ್ಕೂ ಎದೆಮಟ್ಟದ ಗೋಡೆ, ಹಾದಿಯಲ್ಲಿ ಉಗುರಿನಷ್ಟು ಜನ.

"ಎಲ್ಲರೂ ಕೋಲು ನುಂಗಿದ ಹಾಗೆ ನಿಂತಿದಾರಲ್ಲೇ! ನಿಮ್ಮ ಪಾರ್ಕಿಗೆ ಮಂಡಿನೋವಿನವರು ಬರೋ ಹಾಗಿಲ್ವಾ?"

ನಾಲಿಗೆ ಕಚ್ಚಿಕೊಂಡೆ. ಬೆನ್ನು ಬಾಗಿಸಿ ಕೂತ ಗೊಂಬೆಯೊಂದನ್ನು ಜೇಡಿಮಣ್ಣಿನಲ್ಲಿ ಮಾಡಿದೆ. ಎಲ್ಲಿ ಕೂರಿಸುವುದೆಂದು ತೋಚದೆ ಜೇಬಿಗೆ ಹಾಕಿಕೊಂಡೆ.

ಸಭೆ ನಡೆದದ್ದು ಗ್ರಂಥಾಲಯದ ಹಾಲಿನಲ್ಲಿ. ಮಾದರಿಯನ್ನು ಎದುರಿನ ಮೇಜಿನ ಮೇಲಿಟ್ಟೆ. ಅಲ್ಲಿ ಒಪ್ಪಿದ್ದನ್ನೇ ಕಟ್ಟುವುದು. ಸೈಕಲ್ಲಿನವರು ಅಗಲದ ಹಾದಿ ಕೇಳಿದರು. ನಾಯಿ ಸಾಕಿದವರೂ ನಾಯಿಗೆ ಹೆದರುವವರೂ ಒಂದೇ ಹುಲ್ಲುಹಾಸಿಗೆ ಕಿತ್ತಾಡಿದರು. ಗೋಡೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಪಾರ್ಕಿನ ಎಂಜಿನಿಯರು ಸಭೆ ಮುಗಿಸಲು ಎದ್ದಾಗ ನಾನು ಜೇಬಿಗೆ ಕೈ ಹಾಕಿದೆ. ಗೊಂಬೆಯನ್ನು ಮುಂದಿನ ಸಾಲಿನ ಈಜು ಮೇಷ್ಟ್ರ ಅಂಗೈಗಿಟ್ಟೆ.

"ಇವರಿಗೆ ನೀರಲ್ಲಿ ಕಾಲಿಡಬೇಕಂತೆ ಸಾರ್. ಎಲ್ಲಿ ಕೂರಿಸಲಿ?"

ಮೇಷ್ಟ್ರು ಮಾದರಿಯ ಗೋಡೆಯ ಮೇಲಿಟ್ಟರು. ಉರುಳಿ ಬಿತ್ತು.

"ಅಯ್ಯೋ, ಹುಷಾರು ರೀ!" ಬೇಕರಿಯಾಕೆ ಎತ್ತಿಕೊಂಡಳು. "ಥೇಟ್ ನಮ್ಮತ್ತೆ!" ಆಕೆ ಬೆಂಚಿನ ಮೇಲಿಟ್ಟರೆ ಗೊಂಬೆಗೆ ಕಂಡದ್ದು ಬರೀ ಗೋಡೆ. ಅಷ್ಟರಲ್ಲಿ ನಾಯಿಯವರು, ಸೈಕಲ್ಲಿನವರು ಜಗಳ ಮರೆತು ಮೇಜು ಮುತ್ತಿದ್ದರು.

"ಗೋಡೆ ಒಡೆದ್ರೆ ಯಾರಾದ್ರೂ ಬೀಳ್ತಾರೆ. ಯಾರಮ್ಮ ಹೊಣೆ?" ಎಂದರು ಎಂಜಿನಿಯರು.

ನನ್ನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯ ದನಿ ಬಂತು. "ಬೀಳದ ಹಾಗೆ ಕಟ್ಟೋ ಮಗಾ. ನೀನಿರೋದು ಮತ್ಯಾಕೆ?"

ಇಡೀ ಸಭೆಯೇ ನಕ್ಕಿತು. ಎಂಜಿನಿಯರೂ ನಕ್ಕು, "ಬ್ಲೇಡ್ ಇದ್ರೆ ಕೊಡಮ್ಮ" ಎಂದರು. ನದಿಗೆ ಸೆಳವಿಲ್ಲದ ತಿರುವಿನಲ್ಲಿ ನನ್ನ ರಟ್ಟಿನ ಗೋಡೆಯನ್ನು ಕೊಯ್ದು ತೆಗೆದರು. ರಟ್ಟಿನ ಚೂರುಗಳಿಂದ ತಗ್ಗಾದ, ಅಗಲದ ಮೆಟ್ಟಿಲು ಜೋಡಿಸಿದರು. ಎರಡೂ ಕಡೆ ಕೈಹಿಡಿಗೆ ಕಡ್ಡಿ ನೆಟ್ಟರು. ಗೊಂಬೆ ಕೊನೆಯ ಮೆಟ್ಟಿಲಲ್ಲಿ ಅಲ್ಲಾಡದೆ ಕೂತಿತು. ಒಪ್ಪಿಗೆಗೆ ಎಲ್ಲರ ಕೈಗಳೂ ಮೇಲೆದ್ದವು.

ಪಾರ್ಕು ಮುಗಿಯುವಷ್ಟರಲ್ಲಿ ಅಜ್ಜಿಯ ಕೈಗೆ ಊರುಗೋಲು ಬಂದಿತ್ತು. ಬಾಗಿಲು ತೆರೆದ ದಿನ ಅವಳು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಇಳಿದಳು. ಕೂತಳು. ಚಪ್ಪಲಿ ಕಳಚಿ ನೀರಿಗೆ ಕಾಲಿಟ್ಟಳು.

"ಅಬ್ಬಬ್ಬಾ, ಐಸು ಕಣೇ!"

ಆಮೇಲೆ ಬಗ್ಗಿ ನೀರಿನೊಡನೆ ಏನೋ ಪಿಸುಗುಟ್ಟಿದಳು. ತುಂಬ ಹೊತ್ತು.

"ಏನಂದೆ ಅಜ್ಜಿ?"

"ಚಾಡಿ ಹೇಳ್ದೆ. ಮಾತು ಕೊಟ್ಟು ಎಷ್ಟು ವರ್ಷ ಕಾಯಿಸಿದ್ಲು ನೋಡು, ಅಂತ."

ನನ್ನ ಪರವಾಗಿಯೂ ಎರಡು ಮಾತು ಹೇಳಿಕೊಳ್ಳಬೇಕಲ್ಲ. ನಾನೂ ಚಪ್ಪಲಿ ಬಿಟ್ಟೆ.