ಧೂಳು ಎಣಿಸುವ ಡಬ್ಬಿ

"ನಮ್ಮ ಚಿಕ್ಕಪ್ಪ ಮೆಷಿನ್ ಮಾರ್ತಿದಾರೆ ಕಣೇ! ಆ ಮರ ಉಜ್ಜೋ ದೊಡ್ಡ ಮೆಷಿನ್ನು! ಅದರ ಫೋಟೋ ತೆಗೆದು ಫೋನಲ್ಲಿ ಹಾಕಿದ್ದು ಯಾರು ಗೊತ್ತಾ? ನಾನೇ! ಈ ಕೈಯಿಂದ್ಲೇ!"

ಬಾಯಿಗೆ ಹೋಗುತ್ತಿದ್ದ ಬಿಸ್ಕತ್ತು ಕಡ್ಡಿಯ ಕೈಯಲ್ಲೇ ನಿಂತಿತು. ಕಡ್ಡಿ ನನ್ನ ಕ್ಲಾಸಿನವಳು. ಹೆಸರಿಗೆ ತಕ್ಕ ಮೈ, ಮೈಗೆ ಮೀರಿದ ಬಾಯಿ.

"ಮರಗೆಲಸ ಬಿಟ್ಟು ಏನ್ ಮಾಡ್ತಾರಂತೆ?"

"ಯಾವುದೋ ಗೋದಾಮಲ್ಲಿ ಕಾವಲಿಗೆ ಕೂರ್ತಾರಂತೆ. ಚಿಕ್ಕಪ್ಪ! ಕೂರೋದು! ಊಟಕ್ಕೆ ಕೂತ್ರೇ ಕಾಲು ಕುಣಿಸೋ ಮನುಷ್ಯ!"

ಕಾಲೇಜು ಹತ್ತಿರ ಅಂತ ನಾನು ಚಿಕ್ಕಪ್ಪನ ಮನೆಯಲ್ಲೇ ಇದ್ದೇನೆ. ಕೆಳಗೆ ಅವರ ಮರಗೆಲಸದ ಶೆಡ್ಡು, ಮೇಲೆ ಮನೆ. ಚಳಿ ಶುರುವಾದಾಗಿನಿಂದ ಚಿಕ್ಕಮ್ಮನಿಗೆ ಕೆಮ್ಮು. ಬಂತೆಂದರೆ ನಿಲ್ಲುವುದೇ ಇಲ್ಲ, ಕಣ್ಣಲ್ಲಿ ನೀರು ಬರುವವರೆಗೂ ಹಿಂಡಿ ಹಾಕುತ್ತದೆ. ಡಾಕ್ಟರು ಧೂಳಿನಿಂದ ದೂರ ಇರಿ, ಮನೆಯೊಳಗೆ ಧೂಳು ಬರಬಾರದು ಅಂದಿದ್ದರು. ಚಿಕ್ಕಪ್ಪ ಆವತ್ತು ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಚಿಕ್ಕಮ್ಮ ಬಂದು ಹೇಳಿದ ಆ ಒಂದೇ ಮಾತನ್ನು ಮೊಳೆ ಹೊಡೆದ ಹಾಗೆ ತಲೆಯಲ್ಲಿ ಇಟ್ಟುಕೊಂಡುಬಿಟ್ಟರು. ಅಂದಿನಿಂದ ಶೆಡ್ಡಿನ ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು, ಬೆವರಲ್ಲಿ ತೊಯ್ದುಕೊಂಡು ಮರ ಉಜ್ಜುತ್ತಾರೆ. ಆದರೂ ಕೆಮ್ಮು ಕಡಿಮೆಯಾಗಲಿಲ್ಲ. ಕೊನೆಗೆ ಮೊನ್ನೆ ನನ್ನನ್ನು ಶೆಡ್ಡಿಗೆ ಕರೆದು, "ಒಂದು ಒಳ್ಳೆ ಫೋಟೋ ತೆಗಿ ಪುಟ್ಟಿ. ಚಿಕ್ಕಮ್ಮಂಗೆ ಹೇಳ್ಬೇಡ, ಮೆಷಿನ್ ಹೋದ್ಮೇಲೆ ಹೇಳಿದ್ರಾಯ್ತು" ಅಂದರು. ಆಮೇಲೆ ಮೆಷಿನ್ನಿನ ಮೈಯನ್ನು ಬಟ್ಟೆಯಿಂದ ಒರೆಸುತ್ತಾ ನಿಂತರು. ಮದುವೆಗೆ ಹೊರಟ ಮಗಳ ತಲೆ ಬಾಚುವ ಹಾಗೆ.

ಮಂಚ ಮಾಡುವವರೊಬ್ಬರು ಶನಿವಾರ ಬೆಳಿಗ್ಗೆ ಬಂದು ಒಯ್ಯುತ್ತಾರಂತೆ.

ಕಡ್ಡಿ ಬಿಸ್ಕತ್ತು ನುಂಗಿದಳು. "ಮೆಷಿನ್ನಿಂದ್ಲೇ ಧೂಳು ಮೇಲೆ ಬರ್ತಿದೆ ಅಂತ ನೋಡಿದವರು ಯಾರು?"

"ಮರ ಉಜ್ಜಿದ್ರೆ ಧೂಳು ಬರಲ್ವೇನೇ? ಮಲ್ಲಿಗೆ ಬರುತ್ತಾ?"

"ಬರುತ್ತೆ. ಎಷ್ಟು, ಯಾವಾಗ, ಎಲ್ಲಿಗೆ? ನನ್ನ ಪ್ರಾಜೆಕ್ಟಿನ ಸೆನ್ಸರ್ ಸುಮ್ನೆ ಬಿದ್ದಿದೆ. ನಿನ್ನ ಪುಟ್ಟ ಕಂಪ್ಯೂಟರ್ ಹೊರಗೆ ತೆಗಿ."

ನನ್ನ ಪುಟ್ಟ ಕಂಪ್ಯೂಟರ್ ಅಂದರೆ ಅಂಗೈಯಗಲದ ಒಂದು ಹಸಿರು ಹಲಗೆ. ಕೊಂಡಾಗ ಮನೆಯನ್ನೇ ಅದರಿಂದ ನಡೆಸುತ್ತೇನೆ ಅಂತ ಜಂಭ ಕೊಚ್ಚಿದ್ದೆ. ಇಲ್ಲಿಯವರೆಗೆ ಅದು ಮಾಡಿದ್ದು ಒಂದು ಕೆಂಪು ದೀಪ ಮಿಣುಕಿಸಿದ್ದು ಮಾತ್ರ.

ಸಂಜೆ ನನ್ನ ಮಂಚದ ಮೇಲೆ ಕೆಲಸ ಶುರುವಾಯಿತು. ಸೆನ್ಸರ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪನೆಯ ಡಬ್ಬಿ. ಅದರೊಳಗಿನ ಪುಟಾಣಿ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ, ಬೆಳಕಿನ ಗೆರೆಯೊಂದು ಅದರಲ್ಲಿರುವ ಧೂಳನ್ನು ಅಳೆಯುತ್ತದೆ. ಕೆಂಪು ತಂತಿ ಕರೆಂಟಿಗೆ, ಕಪ್ಪು ತಂತಿ ಅದು ವಾಪಸು ಹೋಗುವುದಕ್ಕೆ. ಉಳಿದ ಎರಡು ಮಾತಾಡುವುದಕ್ಕೆ ಮತ್ತು ಕೇಳುವುದಕ್ಕೆ. ನಾನು ಒಂದೊಂದನ್ನೇ ಹಸಿರು ಹಲಗೆಯ ಪಿನ್ನಿಗೆ ಸಿಕ್ಕಿಸಿದೆ. ಫ್ಯಾನು ಗುಂಯ್ ಅಂತು, ಅಳತೆ ತೋರಿಸಬೇಕಾದ ಫೋನಿನ ಪರದೆಯಲ್ಲಿ ಮಾತ್ರ ಏನೂ ಇಲ್ಲ. ಬಿಚ್ಚಿದೆ, ಮತ್ತೆ ಹಾಕಿದೆ, ಬೈದೆ. ಊಹೂಂ.

ಕಡ್ಡಿ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. "ಬಾಯಿಗೆ ಬಾಯಿ ಕಟ್ಟಿದೀಯಲ್ಲೇ ಮಂಗ! ಇದರ ಮಾತಾಡೋ ತಂತಿ ಅದರ ಕೇಳೋ ಪಿನ್ನಿಗೆ ಹೋಗ್ಬೇಕು. ಇಬ್ಬರೂ ಮಾತಾಡ್ತಾನೇ ಇದ್ರೆ ಕೇಳೋರು ಯಾರು?"

ಅಷ್ಟರಲ್ಲಿ ಚಿಕ್ಕಮ್ಮ ಟೀ ಹಿಡಿದುಕೊಂಡು ಬಂದರು. "ಏನ್ರೇ ಇದು, ಮನೆ ಹಾರಿಸೋ ಸಾಮಾನಾ?"

"ನಿಮ್ಮ ಅಡುಗೆಮನೆ ಗಾಳಿ ನೋಡೋದು, ಆಂಟಿ."

"ನೋಡಿ ನೋಡಿ. ಗಾಳಿನಾದ್ರೂ ಮಾತಾಡ್ಲಿ. ನಿಮ್ಮಂಕಲ್ ಅಂತೂ ಇತ್ತೀಚೆಗೆ ಬಾಯೇ ಬಿಡಲ್ಲ." ಬಾಗಿಲಲ್ಲೇ ನಿಂತು ಕೆಳಗಿನ ಸದ್ದು ಕೇಳಿಸಿಕೊಂಡರು. "ಆ ಮೆಷಿನ್ ಸದ್ದು ಒಂದಿದ್ರೆ ನಂಗೆ ನೆಮ್ಮದಿ ಕಣ್ರೇ. ಮನುಷ್ಯ ಗಟ್ಟಿಯಾಗಿದಾನೆ ಅಂತ." ಹಾಗೆಂದವರೇ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ನಲ್ಲಿಯ ನೀರು ಜೋರಾಗಿ ಬಿತ್ತು. ಕೆಮ್ಮು ಕೆಳಗೆ ಕೇಳಿಸಬಾರದು ಅಂತ ಅವರು ನಲ್ಲಿ ತಿರುಗಿಸುತ್ತಾರೆ. ಕೆಳಗಿರುವ ಚಿಕ್ಕಪ್ಪನಿಗೆ ನಲ್ಲಿಯ ಸದ್ದೇ ಗುರುತಾಗಿಬಿಟ್ಟಿದೆ ಅನ್ನುವುದು ಅವರಿಗೆ ಗೊತ್ತಿಲ್ಲ.

ನನ್ನ ನಾಲಿಗೆಯ ತುದಿಗೆ ಬಂದಿದ್ದ ಮೆಷಿನ್ ಮಾರಾಟದ ಮಾತನ್ನು ಕಡ್ಡಿ ತೊಡೆ ಚಿವುಟಿ ಒಳಗೆ ಕಳಿಸಿದಳು. ನಾನು ಎರಡು ತಂತಿಗಳನ್ನು ಅದಲು ಬದಲು ಮಾಡಿದೆ. ಪರದೆಯ ಮೇಲೆ ಅಂಕಿ ಮೂಡಿತು! ಕಡ್ಡಿ ಪೌಡರ್ ಡಬ್ಬಿ ತಟ್ಟಿದಳು, ಅಂಕಿ ನೆಗೆಯಿತು. ನಾವಿಬ್ಬರೂ ಕುಣಿದು ಮಂಚದ ಹಲಗೆ ಕಿರುಗುಟ್ಟಿಸಿದೆವು.

ಗುರುವಾರ ಡಬ್ಬಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಫೋನಿನಲ್ಲಿ ಧೂಳಿನ ಏರಿಳಿತ ತೋರಿಸುವ ಗೆರೆ ಓಡುತ್ತಿತ್ತು. ಒಲೆಯ ಮೇಲೆ ಎಣ್ಣೆ ಕಾದಾಗ ಸ್ವಲ್ಪ ಏರಿತು. "ನನ್ನ ಅಡುಗೆನೂ ಧೂಳಾ?" ಅಂತ ಚಿಕ್ಕಮ್ಮ ಡಬ್ಬಿಯನ್ನೇ ಗದರಿಸಿದರು. ಕೆಳಗೆ ಮೆಷಿನ್ ಗುರ್ ಅಂತಿದ್ದಷ್ಟು ಹೊತ್ತೂ ಗೆರೆ ತಣ್ಣಗೆ ಮಲಗಿತ್ತು. ಮೆಷಿನ್ ನಿಂತಿತು. ಗೆರೆ ಗೋಡೆ ಹತ್ತುವ ಬೆಕ್ಕಿನ ಹಾಗೆ ನೆಟ್ಟಗೆ ಏರಿತು!

ಕಡ್ಡಿಗೆ ಫೋನ್ ಮಾಡಿದೆ. "ಮೆಷಿನ್ ನಿಂತ್ಮೇಲೆ ಧೂಳು ಜಾಸ್ತಿ ಆಗುತ್ತಾ?"

"ತಂತಿ ಸಡಿಲ ಇರ್ಬೇಕು, ಒತ್ತಿ ನೋಡು."

ಒತ್ತಿದೆ. ಶುಕ್ರವಾರವೂ ಅದೇ. ಮೆಷಿನ್ ನಿಂತಿತು, ಚಿಕ್ಕಮ್ಮ ಚಿಕ್ಕಪ್ಪನಿಗೆ ಟೀ ಇಡಲು ಒಲೆಯ ಮುಂದೆ ಬಂದರು, ಗೆರೆ ಹತ್ತಿತು, ನಲ್ಲಿ ತಿರುಗಿತು. ಈ ಸಲ ನಾನು ಫೋನು ಬಿಟ್ಟು ಕಿಟಕಿಯಿಂದ ಕೆಳಗೆ ಬಗ್ಗಿದೆ.

ನೇರ ಕೆಳಗೆ, ಶೆಡ್ಡಿನ ಹಿಂಬಾಗಿಲಲ್ಲಿ ಚಿಕ್ಕಪ್ಪ. ಕೈಯಲ್ಲಿ ಮರದ ಸಂದಿಗೊಂದಿಯ ಧೂಳು ಊದುವ ಗಾಳಿಪೈಪು. ಅದರಿಂದ ಅಂಗಿ ಊದಿಕೊಂಡರು, ಪ್ಯಾಂಟು ಊದಿಕೊಂಡರು, ಕಣ್ಣು ಮುಚ್ಚಿ ತಲೆ, ಹುಬ್ಬು, ಕಿವಿಯ ಹಿಂದೆ. ಮನೆಯೊಳಗೆ ಒಂದು ಕಣವೂ ಹೋಗಬಾರದು ಅಂತ, ಅಷ್ಟು ಶ್ರದ್ಧೆಯಿಂದ, ಗಿರ್ರನೆ ತಿರುಗಿ ಬೆನ್ನಿಗೂ. ಎದುರಿನ ಗೋಡೆಗೆ ಬಡಿದ ಧೂಳು ಹಳದಿ ಮೋಡವಾಗಿ ಮೇಲೆದ್ದು ನನ್ನ ಮುಖಕ್ಕೇ ಬಂತು.

"ಚಿಕ್ಕಪ್ಪಾ, ನಿಲ್ಸಿ! ನಿಲ್ಸಿ! ಮೇಲೆ ಬನ್ನಿ!"

ಏನಾಯಿತೋ ಅಂತ ಹೆದರಿ ಎರಡೆರಡು ಮೆಟ್ಟಿಲು ಹಾರಿ ಬಂದರು. ನಾನು ಫೋನು ತೋರಿಸಿದೆ. "ಇದು ನೀವು ಉಜ್ಜುವಾಗ, ನೋಡಿ, ಏನೂ ಇಲ್ಲ. ಇದು ನೀವು ಮೈ ಊದ್ಕೊಳ್ಳುವಾಗ."

ಅವರು ಗೆರೆಯ ಮೇಲೆ ಬೆರಳಿಟ್ಟರು. ಆಮೇಲೆ ಕಿಟಕಿ ನೋಡಿದರು, ಒಲೆ ನೋಡಿದರು, ಒಲೆಯ ಮುಂದೆ ಸೆರಗಿನಿಂದ ಕಣ್ಣೊರೆಸುತ್ತಿದ್ದ ಚಿಕ್ಕಮ್ಮನನ್ನು ನೋಡಿದರು.

"ನಾನೇ ಊದ್ತಿದ್ನಾ? ದಿನಾ? ನಿನ್ನ ಮೇಲೆ?"

ಅವರ ಮುಖ ನೋಡಲಾಗಲಿಲ್ಲ. ಗಾಬರಿಯಲ್ಲಿ ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಓಡಿತು. "ಪರ್ವಾಗಿಲ್ಲ ಚಿಕ್ಕಪ್ಪ, ಈಗ ಗೊತ್ತಾಯ್ತಲ್ಲ, ಇನ್ನು ಮೆಷಿನ್ ಮಾರೋದು ಬೇಡ..."

"ಯಾವ ಮೆಷಿನ್?" ಅಂದರು ಚಿಕ್ಕಮ್ಮ.

ನಾನು ನಾಲಿಗೆ ಕಚ್ಚಿಕೊಂಡೆ.

ಚಿಕ್ಕಪ್ಪ ತಲೆ ತಗ್ಗಿಸಿ ಎಲ್ಲ ಹೇಳಿದರು. ಗೋದಾಮು, ಮಂಚದವರು, ಶನಿವಾರ. ಚಿಕ್ಕಮ್ಮ ಒಲೆ ಆರಿಸಿದರು. "ನನ್ನ ಒಂದು ಮಾತು ಕೇಳ್ಬೇಕು ಅನ್ಸಲಿಲ್ವಾ ನಿಮಗೆ?"

"ನೀನು ನಲ್ಲಿ ತಿರುಗಿಸ್ತಿದ್ದೆ. ನಾನು ಏನಂತ ಕೇಳ್ಲಿ?"

ಚಿಕ್ಕಮ್ಮ ಹತ್ತಿರ ಬಂದು ಚಿಕ್ಕಪ್ಪನ ಕಿವಿಯ ಹಿಂದೆ ಬೆರಳು ಸವರಿದರು. "ಹುಬ್ಬೂ ಊದ್ಕೊಳ್ತಿದ್ರಾ?"

"ಹೂಂ."

"ಹುಚ್ಚಪ್ಪ." ನಕ್ಕರು. ನಗು ಕೆಮ್ಮಾಯಿತು. ಈ ಸಲ ಅವರ ಕೈ ನಲ್ಲಿಯ ಕಡೆ ಹೋಗಲಿಲ್ಲ. ಚಿಕ್ಕಪ್ಪ ಬೆನ್ನು ನೀವುತ್ತಾ ನಿಂತರು, ಕೆಮ್ಮು ಮುಗಿಯುವವರೆಗೂ.

"ಇಷ್ಟಕ್ಕೇ ವಾಸಿ ಆಗಿಬಿಡುತ್ತೇನೇ ಪುಟ್ಟಿ?" ಅಂತ ಚಿಕ್ಕಪ್ಪ ನನ್ನನ್ನು ಕೇಳಿದರು.

"ನಂಗೇನ್ ಗೊತ್ತು ಚಿಕ್ಕಪ್ಪ? ನನ್ನ ಡಬ್ಬಿ ಧೂಳು ನೋಡುತ್ತೆ, ಎದೆ ನೋಡಲ್ಲ. ಎದೆ ನೋಡೋರ ಹತ್ರ ಇದನ್ನ ತೋರಿಸೋಣ."

ಚಿಕ್ಕಪ್ಪ ಮಂಚದವರಿಗೆ ಫೋನ್ ಮಾಡಿ, ನಾಳೆ ಬರಬೇಡಿ, ಬೇಜಾರು ಮಾಡ್ಕೋಬೇಡಿ ಅಂದರು. ಚಿಕ್ಕಮ್ಮ ನನ್ನ ಫೋನು ಕಿತ್ತುಕೊಂಡು ಡಾಕ್ಟರ ಕ್ಲಿನಿಕ್ಕಿಗೆ ಮಾಡಿದರು. ಆ ಕಡೆಯವರು ಏನೋ ಕೇಳಿದರು.

"ಹೌದು, ನಾಳೆ ಬೆಳಿಗ್ಗೆ ಹತ್ತಕ್ಕೇ ಬರ್ತೀವಿ. ಮೂರು ಜನ." ಚಿಕ್ಕಪ್ಪನ ಕಡೆ ತಿರುಗಿದರು. "ಈ ಸಲ ಬೆಂಚಿಲ್ಲ. ನೀವೂ ಒಳಗೆ."