ಘಾಟಿನ ಕೆಮ್ಮಲ್ಲ

ನಾನು ಒಂದು ಮಾಸ್ಕ್. ಕರಗಿದ ಪ್ಲಾಸ್ಟಿಕ್ಕನ್ನು ಕೂದಲಿಗಿಂತ ತೆಳುವಾದ ಎಳೆಗಳಾಗಿ ಊದಿ, ಪದರ ಮಾಡಿ, ಅದಕ್ಕೆ ವಿದ್ಯುತ್ ಹಿಡಿಸಿದರು. ಆಹಾ, ಎಂಥ ಪುಳಕ! ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವಂತೆ, ಉಸಿರಿನಲ್ಲಿ ತೇಲುವ ವೈರಸ್ಸಿನ ಕಣಗಳನ್ನು ನನ್ನ ಎಳೆಗಳು ಸೆಳೆದು ಹಿಡಿಯುತ್ತವೆ. ಕೆಲಸ ಯಾವಾಗ ಶುರು ಎಂದು ತುದಿಗಾಲಲ್ಲಿ ಕಾದೆ.

ಬಂದು ಸೇರಿದ್ದು ಬ್ಯಾಡಗಿಗೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ದಲಾಲರು ತಲಾ ಎರಡು ಮಾಸ್ಕ್ ಹಂಚಿದರು. ಅವರಲ್ಲೊಬ್ಬಳಾದ ಫಕೀರವ್ವ ಒಂದನ್ನು ಹಾಕಿಕೊಂಡಳು. "ಇನ್ನೊಂದು ಯಾಕ ಹೊಲಸ ಮಾಡೂದು" ಎಂದು ನನ್ನನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ತುರುಕಿದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ!

ಅಮಾವಾಸ್ಯೆಯಂದು ಟ್ರಂಕು ತೆರೆಯಿತು. ಸೊಸೆ ಶಿವಲೀಲಾ ಐದು ತಿಂಗಳ ಕೂಸಿನೊಂದಿಗೆ ತವರಿನಿಂದ ಬಂದಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಕೂಸು. ಎದೆಯ ಸೋಂಕಾಗಿ ಆಸ್ಪತ್ರೆ ಸೇರಿ, ಉಳಿದು ಬಂದದ್ದೇ ಹೆಚ್ಚು. ಕೂಸಿಗೆ ಹಾಸಲು ಮೆತ್ತನೆಯ ಸೀರೆ ತೆಗೆದ ಫಕೀರವ್ವ, ಎತ್ತಿಕೊಳ್ಳಲು ಕೈ ಚಾಚಿ, ಕೆಮ್ಮಿದಳು.

"ಘಾಟಿನ ಕೆಮ್ಮು. ಏನಾಗೂದಿಲ್ಲ, ತಾ ಇಲ್ಲೆ."

ಊರಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಮೆಣಸಿನಕಾಯಿ ಶೆಡ್ಡಿನಲ್ಲಿ ಕೆಮ್ಮದವರು ಯಾರು? ಜ್ವರದ ಕೆಮ್ಮೂ ಅದೇ ಹೆಸರಿನಲ್ಲಿ ಮನೆಯೊಳಗೆ ನುಸುಳುತ್ತದೆ.

ಶಿವಲೀಲಾ ಕೂಸನ್ನು ಎದೆಗವಚಿಕೊಂಡಳು. "ಅತ್ತಿ, ನಿನ್ನಿಯಿಂದ ಪ್ಯಾಟಿ ಬಂದ್ ಐತಿ. ನೀವು ಮೆಣಸಿನಕಾಯಿ ಮುಟ್ಟೇ ಇಲ್ಲ. ಘಾಟು ಎಲ್ಲಿಂದ ಬಂತ್ರಿ?"

ಫಕೀರವ್ವನ ಕೈ ಅಲ್ಲೇ ನಿಂತಿತು. ಹಣೆ ಮುಟ್ಟಿ ನೋಡಿಕೊಂಡಳು; ಬಿಸಿ ಇತ್ತು. ಟ್ರಂಕಿನಿಂದ ನನ್ನನ್ನು ಎಳೆದು ತೆಗೆದಳು. ಅಬ್ಬಾ, ಕೊನೆಗೂ!

"ಮೂಗಿನ ಮ್ಯಾಲಿನ ಪಟ್ಟಿ ಒತ್ರಿ ಅತ್ತಿ, ಸಂದಿ ಬಿಡಬ್ಯಾಡ್ರಿ."

ಒತ್ತಿದಳು. ಸಂದಿ ಇದ್ದರೆ ಉಸಿರು ನನ್ನ ಪಕ್ಕದಿಂದಲೇ ನುಸುಳಿ ಹೊರಟುಹೋಗುತ್ತದೆ. ಈಗ ನನ್ನ ಮೂಲಕವೇ ಹೋಗಬೇಕು! ಒಂದೊಂದು ಕೆಮ್ಮಿಗೂ ಕಣಗಳು ನುಗ್ಗಿ ಬಂದವು, ಬಂದಬಂದವನ್ನು ಹಿಡಿದೆ. ಒಂದೂ ತಪ್ಪಲಿಲ್ಲ ಎಂದು ಜಂಬ ಕೊಚ್ಚುವುದಿಲ್ಲ. ಶಿವಲೀಲಾ ಕಿಟಕಿಗಳನ್ನು ತೆರೆದಿಟ್ಟಳು, ಫಕೀರವ್ವ ಪಡಸಾಲೆಯಲ್ಲೇ ಮಲಗಿದಳು. ಬಾಗಿಲಲ್ಲಿ ಕೂತು ದೂರದಿಂದಲೇ ಜೋಗುಳ ಹಾಡಿದಳು. ಮೊಮ್ಮಗಳನ್ನು ಮುಟ್ಟಲಾಗದೆ ಅತ್ತ ಕಣ್ಣೀರು ನನ್ನ ಅಂಚಿಗೆ ಇಳಿಯುತ್ತಿತ್ತು. ನನಗೂ ಸಂಕಟವಾಯಿತು.

ಜ್ವರ ಇಳಿಯಿತು, ಕೆಮ್ಮು ನಿಂತಿತು. ಕೂಸಿಗೆ ಒಂದು ಸೀನೂ ಬರಲಿಲ್ಲ! ಫಕೀರವ್ವ ನನ್ನನ್ನು ತೆಗೆದು ಓಡಿಹೋಗಿ ಎತ್ತಿಕೊಂಡಳು. ಕೂಸು ಆ ಮುಖ ನೋಡಿ ಕಿಟಾರನೆ ಕಿರುಚಿತು. ಇಷ್ಟು ದಿನ ಅದು ಕಂಡಿದ್ದು ನನ್ನ ಮೇಲೆ ಕಣ್ಣು ಮಾತ್ರ ಕಾಣುವ ಅಜ್ಜಿಯನ್ನು!

"ಅಯ್ಯ ನನ್ನವ್ವ, ನಾನ ಅದೀನಿ" ಎಂದು ಫಕೀರವ್ವ ನನ್ನನ್ನು ಮತ್ತೆ ಹಾಕಿಕೊಂಡಳು. ಅಳು ನಿಂತಿತು. ಪುಟ್ಟ ಕೈ ಮೇಲೆ ಬಂತು, ನನ್ನನ್ನು ಹಿಡಿದು ಜಗ್ಗಿತು. ದಾರ ಪಟ್ಟನೆ ಹರಿಯಿತು. ಕೂಸು ಅಜ್ಜಿಯ ಮೂಗು ನೋಡಿತು, ಬಾಯಿ ನೋಡಿತು, ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕಿತು.

ಈಗ ಕಸದ ಬುಟ್ಟಿಯಲ್ಲಿದ್ದೇನೆ. ಒಳಗಿನಿಂದ ಅಜ್ಜಿ ಮುತ್ತಿಕ್ಕುವ ಸದ್ದು ನಿಂತೇ ಇಲ್ಲ.